ಒಂದು ಪುಟ ಮುಂದಿದ್ದ ಮಾಸ್ತರ

ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಬಸ್ಸು ಸರಿಯಾಗಿದ್ದು, ನಾನೇ ಗಾಬರಿಯಲ್ಲಿ ಬೇರೆ ಬಸ್ಸು ಹತ್ತಿ ಹಾವೇರಿಯಲ್ಲಿ ಇಳಿಯಬಹುದಿತ್ತು. ಕರೆಂಟು ಹೋಗಬಹುದಿತ್ತು, ಕರೆಂಟು ಇದ್ದರೆ ಪ್ರೊಜೆಕ್ಟರು ಹೋಗಬಹುದಿತ್ತು. ಕಾಲೇಜು ತಪಾಸಣೆಯ ಸಮಿತಿಯವರು ಬಂದು ಕೂತ ಕೂಡಲೇ ‘ಈ ವಿಷಯವನ್ನು ನೀವು ಎಲ್ಲಿ ಓದಿದಿರಿ?’ ಎಂದು ಕೇಳಬಹುದಿತ್ತು, ನಾನು ಬಾಯಿತಪ್ಪಿ ಖರೇ ಹೇಳಬಹುದಿತ್ತು. ಹಿಂದಿನ ಬೆಂಚಿನ ಬಸವರಾಜ ಬಾಯಿ ತೆರೆಯಬಹುದಿತ್ತು. ಪ್ರಿನ್ಸಿಪಾಲರು ಸ್ವಾಗತ ಭಾಷಣದ ನಡುವೆ ತಮ್ಮ ಸ್ವಂತ ಕವನ ಓದಬಹುದಿತ್ತು. ಮೆಣಸಿನಕಾಯಿ ಘಾಟಿಗೆ ಸಮಿತಿಯ ಅಧ್ಯಕ್ಷೆಗೆ ಸೀನು ಹತ್ತಿ ನಿಲ್ಲದೇ ಹೋಗಬಹುದಿತ್ತು. ಚಹಾ ಚೆಲ್ಲಬಹುದಿತ್ತು, ನನ್ನ ಮೇಲೆಯೇ. ಪ್ಯಾಂಟಿನ ಗುಂಡಿ ಕಿತ್ತುಹೋಗಬಹುದಿತ್ತು. ಬೋರ್ಡಿಗೆ ಬೆನ್ನು ಮಾಡಿ ನಿಂತಾಗ ಆ ಬೆನ್ನಿನ ತುಂಬ ಸುಣ್ಣ ಹತ್ತಬಹುದಿತ್ತು.

ಇಷ್ಟನ್ನೂ ನಾನು ಸಮಿತಿ ಬರುವ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಹೆಂಡತಿಗೆ ಹೇಳಿದ್ದೆ. ಅವಳು ಬೋಗಣಿ ತಿಕ್ಕುತ್ತಲೇ ಹೇಳಿದಳು: “ಇದರಾಗ ಒಂದೂ ಆಗೂದಿಲ್ಲ, ಸುಮ್ನ ಹೋಗ್ರಿ. ನೀವು ಅಂಜಿದ್ದು ಇವತ್ತಿನ ತನಕ ಯಾವುದಾರ ಆಗೇತೇನು?”

ಅದು ಸಮಾಧಾನ ಅಲ್ಲ, ದೂರು.

ಇಷ್ಟು ವರ್ಷ ಕಳೆದ ಮೇಲೆ, ಮೊನ್ನೆ ಅವಳೇ ವರ್ಷದ ಖಾರಕ್ಕೆಂದು ಬ್ಯಾಡಗಿಯಿಂದ ತರಿಸಿದ ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಹರವಿ, “ಕುಂತು ತೊಟ್ಟು ಬಿಡಿಸ್ರಿ, ಅಂಜಾಕ ಕೈ ಬೇಕಾಗೂದಿಲ್ಲಲ್ಲ” ಎಂದು ನನ್ನನ್ನು ಕೂರಿಸಿದಳು. ಮೊದಲ ಹಿಡಿಗೇ ಸೀನು ಬಂತು. ಸೀನಿನ ಹಿಂದೆ ಆ ವರ್ಷ ಬಂತು. ಮುಖ ಕೆಂಪಗಾಗಿರಬೇಕು. “ಖಾರ ಹತ್ತಿತೇನ್ರಿ?” ಅಂದಳು. ಹೂಂ ಅಂದೆ. ಮೆಣಸಿನಕಾಯಿ ಪಾಪ, ಅದರದೇನೂ ತಪ್ಪಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ರಾಣೇಬೆನ್ನೂರಿನಲ್ಲಿ ಪಿಯುಸಿ ಹುಡುಗರಿಗೆ ಗಣಿತದ ಟ್ಯೂಶನ್ ಹೇಳಿಕೊಂಡಿದ್ದೆ. ಬ್ಯಾಡಗಿಯ ಒಂದು ಸಣ್ಣ ಕಾಲೇಜಿನಲ್ಲಿ ಆಗಷ್ಟೇ ಬಿಸಿಎ ತೆರೆದಿದ್ದರು. ಅಲ್ಲಿ ಡಿಸ್ಕ್ರೀಟ್ ಮ್ಯಾಥ್ಸ್ ಕಲಿಸುತ್ತಿದ್ದವರು ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋದರು. ದಸರಾ ರಜೆಯ ಬೆನ್ನಿಗೆ, ಅತಿಥಿ ಉಪನ್ಯಾಸಕರಾಗಿ ಬರ್ರಿ ಎಂದು ನನಗೆ ಕರೆ ಬಂತು.

ನಾನು ಹೋಗಿ ಪ್ರಿನ್ಸಿಪಾಲರ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಓದಿದ್ದು ಹರಿಯುವ ಗಣಿತ: ಬಾಗುವ ಗೆರೆ, ನೀರಿನ ವೇಗ, ಸಣ್ಣದಕ್ಕಿಂತ ಸಣ್ಣದು. ಇವರಿಗೆ ಬೇಕಾದದ್ದು ಬಿಡಿ ಬಿಡಿ ವಸ್ತುಗಳ ಗಣಿತ: ಹೌದು ಅಥವಾ ಅಲ್ಲ, ಗುಂಪಿನ ಒಳಗೆ ಅಥವಾ ಹೊರಗೆ, ಚುಕ್ಕೆ ಮತ್ತು ಚುಕ್ಕೆಗಳನ್ನು ಸೇರಿಸುವ ಗೆರೆ. ಕಂಪ್ಯೂಟರಿಗೆ ತಿಳಿಯುವುದು ಅದೊಂದೇ. “ಎಣ್ಣಿ ಅಳಿಯಾಂವನ್ನ ಕರದು ತೆಂಗಿನಕಾಯಿ ಅಂಗಡ್ಯಾಗ ಕುಂದ್ರಿಸಿದಂಗ ಆಗತೈತ್ರಿ ಸರ್,” ಅಂದೆ.

ಪ್ರಿನ್ಸಿಪಾಲರು ಕನ್ನಡ ಸಾಹಿತ್ಯದವರು. ಕನ್ನಡಕ ತೆಗೆದು ಒರೆಸಿದರು. “ಗಣಿತ ಅಂದ್ರ ಗಣಿತ್ರೀ. ಬದನಿಕಾಯಿ ದುಂಡಗಿದ್ರೇನು, ಉದ್ದಕಿದ್ರೇನು? ಪಲ್ಯಾ ಒಂದ.”

ಹೀಗೆ ನಾನು ಪಲ್ಯ ಮಾಡಲು ಹೊರಟೆ. ಪುಸ್ತಕ ಕೊಂಡೆ. ಟ್ಯೂಶನ್ನಿನಿಂದಾಗಿ ಮನೆಯಲ್ಲಿ ಓದಲು ಹೊತ್ತಿರಲಿಲ್ಲ. ಇದ್ದದ್ದು ರಾಣೇಬೆನ್ನೂರಿನಿಂದ ಬ್ಯಾಡಗಿಯವರೆಗಿನ ಬಸ್ಸು. ಬೆಳಿಗ್ಗೆ ಬಸ್ಸು ಹತ್ತಿ, ಬಲಗಡೆ ಚಕ್ರದ ಮೇಲಿನ ಸೀಟು ಹಿಡಿದು, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟು ಓದುತ್ತಿದ್ದೆ. ಬಸ್ಸಿನಲ್ಲಿ ಓದಿದ್ದನ್ನು ಬ್ಯಾಡಗಿಯಲ್ಲಿ ಇಳಿದು ಕಲಿಸುತ್ತಿದ್ದೆ. ನಡುವೆ ಅದು ತಣ್ಣಗಾಗಲೂ ಸಮಯ ಸಿಗುತ್ತಿರಲಿಲ್ಲ.

ಆ ವಿಷಯದಲ್ಲಿ ಗಣಿತೀಯ ಅನುಗಮನ ಅಂತ ಒಂದು ಪಾಠ ಬರುತ್ತದೆ. ಸಾಲಿನಲ್ಲಿ ಮೊದಲನೆಯದಕ್ಕೆ ಒಂದು ಮಾತು ನಿಜ ಎಂದು ತೋರಿಸಬೇಕು. ಆಮೇಲೆ, ಯಾವುದೋ ಒಂದಕ್ಕೆ ಅದು ನಿಜವಾದರೆ ಅದರ ಮುಂದಿನದಕ್ಕೂ ನಿಜ ಎಂದು ತೋರಿಸಬೇಕು. ಎರಡೂ ಆದರೆ ಸಾಲಿಗೆ ಸಾಲೇ ಗೆದ್ದಂತೆ. ಇದನ್ನು ಕಲಿಸಲು ನನಗೆ ಉದಾಹರಣೆ ಹುಡುಕುವ ಕೆಲಸವೇ ಬೀಳಲಿಲ್ಲ. ಜನವರಿ ದಾಟಿ ಮೆಣಸಿನಕಾಯಿ ಮಾರುಕಟ್ಟೆ ಏರಿದ ಮೇಲೆ ಬ್ಯಾಡಗಿಯ ಗಾಳಿಯೇ ಕೆಂಪು. ಅನೇಕ ಹುಡುಗಿಯರು ಮುಂಜಾನೆ ತಾಯಂದಿರ ಜೊತೆ ತೊಟ್ಟು ಬಿಡಿಸಿ, ಉರಿಯುವ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕ್ಲಾಸಿಗೆ ಬರುತ್ತಿದ್ದರು. ಮೊದಲ ಬೆಂಚಿನಲ್ಲಿ ಒಬ್ಬಳು ಸೀನುವಳು. ಒಬ್ಬರು ಸೀನಿದರೆ ಪಕ್ಕದವರು ಸೀನದೆ ಇರುವುದಿಲ್ಲ. ಅಂದಮೇಲೆ ಇಡೀ ಕ್ಲಾಸು ಸೀನುತ್ತದೆ. ಸಾಧಿಸಿದ್ದಾಯಿತು.

ನನ್ನ ಮಾಸ್ತರಿಕೆಯೂ ಅದೇ ಲೆಕ್ಕದ್ದು. ಇವತ್ತಿನ ಪುಟ ಗೊತ್ತಿದ್ದರೆ ನಾಳಿನ ಪುಟ ಗೊತ್ತಾಗುತ್ತದೆ. ಮೊದಲನೆಯ ಪುಟವೇ ಯಾವಾಗ ಗೊತ್ತಾಯಿತು ಎಂದು ಯಾರೂ ಕೇಳದಿದ್ದರೆ ಸಾಕಿತ್ತು.

ಆದರೂ ಆ ಚಳಿಗಾಲ ನನಗೆ ಹುಮ್ಮಸ್ಸು ಬಂದಿತ್ತು. ಆ ಮಕ್ಕಳು ಡೌಟು ಕೇಳುತ್ತಿದ್ದರು! ಟ್ಯೂಶನ್ನಿನ ಹುಡುಗರು ‘ಇದು ಪರೀಕ್ಷೆಗೆ ಬರ್ತದೇನ್ರಿ’ ಎಂಬುದನ್ನು ಬಿಟ್ಟರೆ ಇನ್ನೊಂದು ಪ್ರಶ್ನೆ ಅರಿಯದವರು. ಇವರು ಹಾಗಲ್ಲ. ಒಂದು ದಿನ ‘ಮಳೆ ಬಂದರೆ ಬಸ್ಸು ಬರುವುದಿಲ್ಲ’ ಎಂಬ ವಾಕ್ಯ ಬರೆದು, ಮಳೆಯೇ ಬರದ ದಿನ ಬಸ್ಸು ಬಂದರೂ ಬರದಿದ್ದರೂ ತರ್ಕದ ಪ್ರಕಾರ ಈ ಮಾತು ಸುಳ್ಳಾಗುವುದಿಲ್ಲ ಎಂದು ಹೇಳಿದೆ.

ಕಾಗಿನೆಲೆಯಿಂದ ಬರುತ್ತಿದ್ದ ಬಸವರಾಜ ಎದ್ದು ನಿಂತ. “ಸರ್, ಮಳಿ ಇಲ್ಲ, ಬಸ್ಸೂ ಇಲ್ಲ. ಮಾತು ಖರೇ ಏನ್ರಿ?”

“ಖರೇನ.”

“ಮಳಿ ಇಲ್ಲ, ಬಸ್ ಬಂತು. ಆವಾಗೂ ಖರೇ?”

“ಆವಾಗೂ ಖರೇನ.”

“ಹಂಗಿದ್ರ ಬ್ಯಾಸಿಗ್ಯಾಗ ಬಸ್ಸಿನವರು ಸುಳ್ಳ ಹೇಳಾಕ ಬರೂದ ಇಲ್ಲ ಬಿಡ್ರಿ.”

ಕ್ಲಾಸು ನಕ್ಕಿತು, ನಾನೂ ನಕ್ಕೆ. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಓದಿದ್ದು ಅದೇ ಪುಟವಾದ್ದರಿಂದ ಉತ್ತರ ಇನ್ನೂ ಬಿಸಿಯಾಗಿ ಬಾಯಲ್ಲೇ ಇತ್ತು. ನೆನಪಿಸಿಕೊಂಡರೆ ಪ್ರತಿ ಸಲವೂ ಹಾಗೆಯೇ. ಅವರ ಡೌಟು ಬೀಳುತ್ತಿದ್ದುದು ನಾನು ಆಗಷ್ಟೇ ಓದಿದ ಜಾಗದ ಮೇಲೆಯೇ. ನಾನು ಇದನ್ನು ಗುರುವಿನ ಮತ್ತು ಶಿಷ್ಯರ ಮನಸ್ಸು ಒಂದಾಗುವುದು ಎಂದುಕೊಂಡೆ. ಮನೆಯಲ್ಲಿ ಹಾಗೆ ಹೇಳಿಯೂ ಹೇಳಿದೆ.

ಆ ಕ್ಲಾಸಿನಲ್ಲಿ ನನ್ನದೇ ಬಸ್ಸಿಗೆ ಬರುತ್ತಿದ್ದವಳು ಒಬ್ಬಳೇ, ಪರ್ವೀನ. ನಡುದಾರಿಯ ಕದರಮಂಡಲಗಿಯಲ್ಲಿ ಹತ್ತುತ್ತಿದ್ದಳು. ಸೀಟು ಸಿಗುತ್ತಿರಲಿಲ್ಲ, ನನ್ನ ಸೀಟಿನ ಹಿಂದಿನ ಸರಳು ಹಿಡಿದು “ನಮಸ್ಕಾರ್ರಿ ಸರ್” ಎಂದು ನಿಲ್ಲುವಳು. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಫೋನು. ಅವಳ ಅಪ್ಪ ಟಂಟಂ ಆಟೋ ಓಡಿಸುವವರು. ಬ್ಯಾಡಗಿ ಹತ್ತಿರ, ಮಧ್ಯಾಹ್ನಕ್ಕೆ ಮನೆ ಸೇರುತ್ತಾಳೆ ಎಂದು ಕಳಿಸುತ್ತಿದ್ದರು. ಅದಕ್ಕಿಂತ ದೂರದ ಮಾತಾದರೆ, ಓದಿದ್ದು ಸಾಕು, ಅತ್ತೆಯ ಮಗ ಇದ್ದಾನೆ ಎಂದು ಹೇಳಿ ಮುಗಿಸಿದ್ದರಂತೆ. ಅವಳೇ ಒಮ್ಮೆ ಹಾಜರಿ ಕಡಿಮೆಯಾದಾಗ ಬಂದು ಹೇಳಿದ್ದಳು.

ಹಾಗಾಗಿ ಫೆಬ್ರುವರಿಯಲ್ಲಿ ಸಮಿತಿ ಬರುತ್ತದೆ ಎಂಬ ಸುದ್ದಿ ಬಂದಾಗ ಅದು ನನ್ನೊಬ್ಬನ ಹೆದರಿಕೆಯಾಗಿ ಉಳಿಯಲಿಲ್ಲ. ಆ ಬಿಸಿಎಗೆ ಸಿಕ್ಕಿದ್ದು ತಾತ್ಕಾಲಿಕ ಅನುಮತಿ. ವಿಶ್ವವಿದ್ಯಾಲಯದಿಂದ ಬಂದವರು ಕ್ಲಾಸಿನಲ್ಲಿ ಕೂತು ನೋಡುತ್ತಾರೆ, ಪಾಠ ನಡೆಯುತ್ತಿದೆ ಎನ್ನಿಸಿದರೆ ಮುಂದುವರಿಸುತ್ತಾರೆ, ಇಲ್ಲವಾದರೆ ಮಕ್ಕಳನ್ನು ಹಾವೇರಿಗೆ ವರ್ಗ ಮಾಡುತ್ತಾರೆ. ಹುಡುಗರು ಹಾವೇರಿಗೆ ಹೋದಾರು. ಪರ್ವೀನ ಹೋಗುವುದು ಅತ್ತೆಯ ಮನೆಗೆ. ಪ್ರಿನ್ಸಿಪಾಲರು ನನ್ನನ್ನು ಕರೆದು, “ನಿಮ್ಮ ಕ್ಲಾಸಿಗೇ ಕೂಡ್ಸೂದ್ರಿ. ನಿಮ್ಮ ಹುಡುಗ್ರು ಭಾಳ ಡೌಟ್ ಕೇಳ್ತಾರಂತಲ್ಲ!” ಅಂದರು. ಅವರಿಗೆ ಈ ಹೊಗಳಿಕೆ ತಲುಪಿಸಿದವನು ನಾನೇ.

ಸಮಿತಿ ಬರುವುದು ಶನಿವಾರ ಎಂದಾಯಿತು. ಶನಿವಾರವೆಂದರೆ ಕದರಮಂಡಲಗಿಯ ಹನುಮಪ್ಪನ ವಾರ. ಅದೊಂದನ್ನು ನನ್ನ ಅಂಜಿಕೆಗಳಲ್ಲಿ ಸೇರಿಸಲು ಮರೆತಿದ್ದೆ. ರಾಣೇಬೆನ್ನೂರಿನಲ್ಲೇ ಬಸ್ಸು ಭಕ್ತರಿಂದ ತುಂಬಿತು. ಎಣ್ಣೆ ಬಾಟಲಿ, ಎಕ್ಕೆಹೂವಿನ ಹಾರ ಹಿಡಿದ ಒಬ್ಬ ಅಜ್ಜಿ “ಯಪ್ಪಾ, ಒಂದೀಟು ಸರಿ” ಎಂದು ಸರಿಸುತ್ತ ಸರಿಸುತ್ತ ನನ್ನನ್ನು ಪೂರಾ ಎಬ್ಬಿಸಿಬಿಟ್ಟಳು. ನಾನು ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತೆ. ಪುಣ್ಯಕ್ಕೆ ಅವತ್ತಿನ ಪಾಠ ಅನುಗಮನ. ಅದನ್ನು ಹಿಂದಿನ ವಾರವೇ ಒಮ್ಮೆ ಮಾಡಿ ಮುಗಿಸಿದ್ದೆ, ಸೀನಿನ ಸಮೇತ. ಓದುವುದೇನೂ ಇರಲಿಲ್ಲ.

ಕದರಮಂಡಲಗಿಯಲ್ಲಿ ಭಕ್ತರೆಲ್ಲ ಇಳಿದರು. ಬಸ್ಸು ಖಾಲಿಯಾಯಿತು. ನನ್ನ ಸೀಟಿನಲ್ಲಿ ಮತ್ತೆ ಕೂತು, ಕೈ ಸುಮ್ಮನಿರಲೊಲ್ಲದೆ ಪುಸ್ತಕ ತೆರೆದೆ. ಅದು ತನಗೆ ಬೇಕಾದ ಕಡೆ ತೆರೆದುಕೊಂಡಿತು, ಎಲ್ಲೋ ಮುಂದೆ, ನಾನು ಮುಟ್ಟದ ಪಾಠದಲ್ಲಿ. ನಾನು ಅದರ ಮೇಲೆ ಕಣ್ಣಿಟ್ಟು ಪ್ಯಾಂಟಿನ ಗುಂಡಿಯ ಬಗ್ಗೆ ಯೋಚಿಸುತ್ತಿದ್ದೆ. ಹಿಂದಿನಿಂದ “ನಮಸ್ಕಾರ್ರಿ ಸರ್” ಕೇಳಿತು. ಅಂದು ಇಷ್ಟು ಸೀಟು ಖಾಲಿ ಇದ್ದರೂ ಪರ್ವೀನ ಎಂದಿನ ಜಾಗದಲ್ಲೇ ನಿಂತಿದ್ದಳು. ಕೂಡ್ರವ್ವಾ ಎಂದೆ. “ಇರಲ್ರಿ” ಅಂದಳು.

ಸಮಿತಿಯಲ್ಲಿ ಮುಖ್ಯರಾಗಿ ಬಂದವರು ಒಬ್ಬ ಮೇಡಂ, ಗಣಿತದವರೇ. ಹಿಂದಿನ ಬೆಂಚಿನಲ್ಲಿ ಬಸವರಾಜನ ಪಕ್ಕವೇ ಕೂತರು. ಕರೆಂಟು ಹೋಗಲಿಲ್ಲ. ಗುಂಡಿ ಗಟ್ಟಿಯಿತ್ತು. ಯಾರೂ ಸೀನಲಿಲ್ಲ. ಇಡೀ ಕ್ಲಾಸು ಸೀನುತ್ತದೆ ಎಂಬ ನನ್ನ ಉದಾಹರಣೆಗೆ ಮಾತ್ರ ಸ್ವಲ್ಪ ಧಕ್ಕೆಯಾಯಿತು. ಆದರೂ ಮೇಡಂ ನಕ್ಕರು. ನಗುತ್ತ ಏನೋ ಬರೆದುಕೊಂಡರು. ನಾನು ಅರ್ಧ ಗೆದ್ದಿದ್ದೆ.

“ಯಾರಿಗಾದ್ರೂ ಡೌಟ್ ಇದ್ರ ಕೇಳ್ರಿ,” ಅಂದರು ಮೇಡಂ.

ಪರ್ವೀನ ಎದ್ದಳು. ಎಷ್ಟು ಹುರುಪಿನಿಂದ ಎದ್ದಳೆಂದರೆ ಓಢಣಿ ಬೆಂಚಿನ ಮೊಳೆಗೆ ಸಿಕ್ಕಿತು.

“ಸರ್, ಮೂರು ಮನಿ ಅದಾವ್ರಿ, ಮೂರು ಬಾವಿ ಅದಾವ್ರಿ. ಒಂದೊಂದು ಮನಿಯಿಂದ ಮೂರೂ ಬಾವಿಗೆ ದಾರಿ ಮಾಡಬೇಕ್ರಿ. ಒಂದು ದಾರಿ ಇನ್ನೊಂದನ್ನ ದಾಟಬಾರದು. ಅದು ಆಗೂದಿಲ್ಲ ಅಂತಾರಲ್ರಿ, ಯಾಕ ಆಗೂದಿಲ್ಲ?”

ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಗೊತ್ತಿರಲಿಲ್ಲ.

ಬೋರ್ಡಿನ ಕಡೆ ತಿರುಗಿದೆ. ಮೂರು ಮನೆ ಬರೆದೆ, ಸ್ವಲ್ಪ ಹೊತ್ತು ಕಳೆಯಲೆಂದು ಅವಕ್ಕೆ ಬಾಗಿಲು ಕೂಡ ಬರೆದೆ. ಮೂರು ಬಾವಿ ಬರೆದೆ. ದಾರಿ ಎಳೆಯುತ್ತ ಹೋದೆ. ಕಡೆಯ ದಾರಿ ಬಂದು ಇನ್ನೊಂದನ್ನು ದಾಟಿತು. ಅಳಿಸಿ, ಊರನ್ನೆಲ್ಲ ಸುತ್ತಿಸಿ ಎಳೆದೆ. ಅಲ್ಲಿಯೂ ದಾಟಿತು. “ನೋಡ್ರಿ, ಆಗೂದಿಲ್ಲ,” ಅಂದೆ.

“ನಿಮ್ಮಿಂದ ಆಗಲಿಲ್ಲ ಅನ್ನೋದು ಬೇರೆ, ಆಗೋದೇ ಇಲ್ಲ ಅನ್ನೋದು ಬೇರೆ ಅಲ್ವಾ ಸರ್?” ಅಂದರು ಮೇಡಂ, ಮೆತ್ತಗೆ. ಗಣಿತದವರು ಹಾಗೆ ಕೇಳದೆ ಬಿಡುವುದಿಲ್ಲ. ಅವರ ಪೆನ್ನು ಹಾಳೆಯ ಮೇಲೆ ನಿಂತಿತ್ತು.

ಕ್ಲಾಸಿನವರೆಲ್ಲ ಒಟ್ಟಿಗೆ ಪರ್ವೀನಳ ಕಡೆ ತಿರುಗಿದರು. ನನ್ನ ಬಗ್ಗೆ ಗೊತ್ತಿಲ್ಲದವರು ಹಾಗೆ ತಿರುಗುವುದಿಲ್ಲ, ಆದರೆ ಅದನ್ನು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪರ್ವೀನ ಇನ್ನೂ ನಿಂತೇ ಇದ್ದಳು. ಅವಳ ಮುಖದ ಬಣ್ಣ ಇಳಿದಿತ್ತು.

“ಮೇಡಂ,” ಅಂದಳು, “ಸರ್ ಇದನ್ನ ಮುಂದಿನ ವಾರ ಹೇಳ್ತೀನಿ ಅಂದಿದ್ರು. ನಡುವ ಕೇಳಬ್ಯಾಡ್ರಿ ಅಂತ ಹೇಳಿದ್ರು. ನಾನ ಕೇಳಿಬಿಟ್ನಿ. ತಪ್ಪಾತ್ರಿ.”

ನಾನು ಎಂದೂ ಹಾಗೆ ಹೇಳಿರಲಿಲ್ಲ.

ಮೇಡಂ ಅವಳನ್ನು ನೋಡಿದರು. “ಪಾಠ ಪಾಠದ ಹಾಗೆ ಹೋಗಲಿ ಅಮ್ಮ. ಮುಂದಿನದಕ್ಕೆ ಹಾರಿದರೆ ಇವತ್ತಿನದೂ ತಲೆಗೆ ಹೋಗಲ್ಲ. ಕೂತ್ಕೋ.”

ಆಗ ಸುಮ್ಮನಿದ್ದರೂ ಆಗುತ್ತಿತ್ತು. ಅದೇ ಹೆಚ್ಚಿತ್ತು. ಆದರೆ ಸೀಮೆಸುಣ್ಣ ಕೈಯಲ್ಲಿದ್ದವನಿಗೆ ಮಾಸ್ತರಿಕೆ ಎಲ್ಲಿಂದ ಬರುತ್ತದೋ! ನಾನು ತಲೆಯಾಡಿಸಿ, ನಗುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದೆ: “ಇಕೀದು ಯಾವಾಗಲೂ ಹಿಂಗ ಗಡಿಬಿಡಿರಿ ಮೇಡಂ.”

ಪರ್ವೀನ ಕೂತಳು. ಮೇಡಂ ಪೆನ್ನು ಬರೆಯಿತು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಅವಳು, ಬಸವರಾಜ ಇಬ್ಬರೂ ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ನಿಂತಿದ್ದರು. ನನಗೆ ಪಾರಾದ ಖುಷಿ ಮುಗಿದು, ಪಾರಾದವರಿಗೆ ಬರುವ ಸಿಟ್ಟು ಬಂದಿತ್ತು.

“ಏನವ್ವಾ, ನಾ ಇನ್ನೂ ಕಲಿಸಲಾರದ್ದನ್ನ ಯಾಕ ಕೇಳ್ದಿ?”

“ನೀವು ಓದೀರಿ ಅಂತ ತಿಳಕೊಂಡ್ನಿರಿ.”

“ನಾ ಓದೇನಿ ಅಂತ ಯಾರು ಹೇಳಿದ್ರು ನಿನಗ?”

“ಬಸ್ಸಿನಾಗ ಅದ ಪುಟ ತೆಗದು ಕುಂತಿದ್ರಲ್ಲರಿ. ನೋಡಿ ಗ್ರೂಪಿನ್ಯಾಗ ಹಾಕಿದ್ನಿ.”

“ಯಾವ ಗ್ರೂಪು?”

ಬಸವರಾಜ ಗಂಟಲು ಸರಿಮಾಡಿಕೊಂಡ. “ನೀವು ಇಲ್ಲದ ಗ್ರೂಪ್ರಿ ಸರ್.”

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕದರಮಂಡಲಗಿ ದಾಟಿದ ಮೇಲೆ ನನ್ನ ತೊಡೆಯ ಮೇಲೆ ಯಾವ ಪುಟ ತೆರೆದಿದೆಯೋ ಅದರ ಸುದ್ದಿ ನನಗಿಂತ ಮೊದಲು ಬ್ಯಾಡಗಿ ಮುಟ್ಟುತ್ತಿತ್ತು. ಅದರಿಂದಲೇ ಡೌಟು ಹುಟ್ಟುತ್ತಿದ್ದವು.

“ದಿನಾ ಹಾಕ್ತಿದ್ದೇನು?”

“ದಿನಾ ಇಲ್ರಿ,” ಅಂದಳು ಪರ್ವೀನ, ಅದೇ ದೊಡ್ಡ ರಿಯಾಯಿತಿ ಎಂಬಂತೆ. “ನೀವು ನಿದ್ದಿ ಮಾಡಿದ ದಿನ ಹಾಕ್ತಿದ್ದಿಲ್ಲ.”

“ಆ ದಿನ ಯಾರೂ ಡೌಟ್ ಕೇಳಬಾರದು ಅಂತ ಠರಾವು ಆಗಿತ್ರಿ,” ಅಂದ ಬಸವರಾಜ. “ನಾ ಒಮ್ಮೆ ಮರತು ಕೇಳಿದ್ದಕ್ಕ ಹುಡಿಗ್ಯಾರು ನನ್ನ ಕೂಡ ಮಾತ ಬಿಟ್ಟಿದ್ರು.”

ನಾನು ನಗಬೇಕಿತ್ತೇನೋ. “ಯಾಕ ಮಾಡಿದ್ರಿ ಹಿಂಗ?” ಎಂದೆ.

ಪರ್ವೀನ ನೆಲ ನೋಡುತ್ತ ಹೇಳಿದಳು. “ಮೊದಲಿನ ಸರ್ ನಮ್ಮ ಡೌಟಿಗೇ ಹೋದ್ರು. ಕೇಳಿದ್ದಕ್ಕೆಲ್ಲ ಸಿಟ್ಟಿಗೇಳ್ತಿದ್ರು, ಒಂದು ದಿನ ಬರಲೇ ಇಲ್ಲ. ನೀವೂ ಹ್ವಾದ್ರ ಮತ್ತ್ಯಾರು ಬರ್ತಾರ್ರಿ? ಮಾಸ್ತರು ಇಲ್ಲಂದ್ರ ಬಂದ್ ಮಾಡ್ತಾರ. ಬಂದ್ ಆತಂದ್ರ ಅಬ್ಬಾ ನನ್ನ ಹಾವೇರಿಗೆ ಕಳಸೂದಿಲ್ಲ.” ಆಮೇಲೆ, ನನಗೆ ನೋವಾಯಿತೇನೋ ಎಂದುಕೊಂಡು ಸೇರಿಸಿದಳು: “ನೀವು ಓದಿದ್ದನ್ನ ಚಲೋನ ಹೇಳ್ತೀರ್ರಿ ಸರ್. ಅದಕ್ಕ ಓದಿದ್ದನ್ನ ಕೇಳ್ತಿದ್ವಿ.”

ಮೋಸ ಮಾಡಿದ್ದರೆ ಬೈಯಬಹುದಿತ್ತು. ಜೋಪಾನ ಮಾಡಿದವರನ್ನು ಏನು ಮಾಡುವುದು? ಮನೆಯಲ್ಲಿ ಕಿವಿ ಕೇಳದ ಹಿರಿಯರ ಮುಂದೆ ಎಲ್ಲರೂ ಸ್ವಲ್ಪ ಜೋರಾಗಿ ಮಾತಾಡಿ, ಅವರಿಗೆ ಕೇಳುತ್ತದೆ ಎಂಬಂತೆಯೇ ನಡೆದುಕೊಳ್ಳುತ್ತಾರಲ್ಲ, ಆ ಮಕ್ಕಳು ನನ್ನನ್ನು ಹಾಗೆ ಸಾಕಿದ್ದರು. ನಾನು ಅದನ್ನು ಮನಸ್ಸು ಒಂದಾಗುವುದು ಎಂದು ಕರೆದಿದ್ದೆ.

ಭಾನುವಾರ ಕೂತು ಮೂರು ಮನೆ ಮೂರು ಬಾವಿಯ ಕಾರಣ ಓದಿದೆ. ಕಷ್ಟದ್ದೇನಲ್ಲ. ದಾರಿಗಳು ಒಂದನ್ನೊಂದು ದಾಟದಿದ್ದರೆ ಕಾಗದ, ಹೊರಗಿನ ಬಯಲೂ ಸೇರಿ, ಐದು ತುಂಡು ಹೊಲಗಳಾಗಿ ಒಡೆಯಲೇಬೇಕು. ಮನೆಯಿಂದ ಬಾವಿಗೆ, ಬಾವಿಯಿಂದ ಮನೆಗೆ ಮಾತ್ರ ದಾರಿ ಇರುವುದರಿಂದ ಪ್ರತಿ ಹೊಲಕ್ಕೂ ಕನಿಷ್ಠ ನಾಲ್ಕು ಬದು ಬೇಕು: ಒಟ್ಟು ಇಪ್ಪತ್ತು. ದಾರಿ ಇರುವುದು ಒಂಬತ್ತು. ಒಂದು ದಾರಿ ಎರಡೂ ಕಡೆಯ ಹೊಲಕ್ಕೆ ಬದುವಾದರೂ ಹದಿನೆಂಟೇ. ಸಾಲುವುದಿಲ್ಲ. ಹಾಗಾಗಿ ಆಗುವುದಿಲ್ಲ. ಸೋಮವಾರ ಅದನ್ನು ಬೋರ್ಡಿನ ಮೇಲೆ ಮಾಡಿ, “ಇದನ್ನ ನಾ ನಿನ್ನೆ ಕಲತೇನಿ” ಎಂದು ಹೇಳಿದೆ. ಬಾಂಬು ಹಾಕಿದೆ ಎಂದುಕೊಂಡಿದ್ದೆ. ಒಬ್ಬರ ಹುಬ್ಬೂ ಏಳಲಿಲ್ಲ. “ಶನಿವಾರ ಪರ್ವೀನಂದೇನೂ ತಪ್ಪಿರಲಿಲ್ಲ, ನಾ ಹಂಗ ಅನ್ನಬಾರದಿತ್ತು” ಎಂದು ಶುರುಮಾಡಿದೆ. ಅವಳು ತಲೆ ಎತ್ತದೆ, “ಮುಂದಿನ ಲೆಕ್ಕ ಮಾಡೂಣ್ರಿ ಸರ್” ಅಂದಳು. ಮುಂದಿನ ಲೆಕ್ಕ ಮಾಡಿದೆವು.

ಅನುಮತಿ ಬಂತು. ಪ್ರಿನ್ಸಿಪಾಲರು ಆಗ ಕವನ ಓದಿದರು, ನಾವು ಚಪ್ಪಾಳೆ ತಟ್ಟಿದೆವು. ಪರ್ವೀನ ಬ್ಯಾಡಗಿಯಲ್ಲೇ ಓದು ಮುಗಿಸಿದಳು. ಹೆಂಡತಿ ಹೇಳಿದ್ದು ಸರಿಯಿತ್ತು. ನಾನು ಅಂಜಿದ್ದು ಒಂದೂ ಆಗಲಿಲ್ಲ.

ಆಗಿದ್ದು ಇಷ್ಟು. ಆ ಸೋಮವಾರ ಬೆಳಿಗ್ಗೆ ಬಸ್ಸು ಕದರಮಂಡಲಗಿಯಲ್ಲಿ ನಿಂತಾಗ ನಾನು ಪುಸ್ತಕ ತೆರೆದು ಕೂತಿದ್ದೆ. ಪರ್ವೀನ ಹತ್ತಿ “ನಮಸ್ಕಾರ್ರಿ ಸರ್” ಅಂದಳು. ನನ್ನ ಸೀಟಿನ ಹಿಂದೆ ಜಾಗವಿತ್ತು. ಅವಳು ಅದನ್ನು ದಾಟಿ ಮುಂದೆ ಹೋಗಿ, ಬಾಗಿಲ ಬಳಿಯ ಕಂಬ ಹಿಡಿದು, ನಾನು ಯಾವ ಪುಟ ಓದುತ್ತಿದ್ದೇನೆ ಎಂದು ಕಾಣದ ಹಾಗೆ ನನಗೆ ಬೆನ್ನು ಮಾಡಿ ಕಿಟಕಿಯ ಕಡೆ ನಿಂತಳು. ಆ ವರ್ಷ ಮುಗಿಯುವ ತನಕ ದಿನವೂ ಹಾಗೆಯೇ ನಿಂತಳು. ಆ ಕಿಟಕಿಯ ಗಾಜಿಗೆ ಯಾರೋ ಹೊರಗಿನಿಂದ ಬೋರ್‌ವೆಲ್ ಕೊರೆಯುವವರ ಜಾಹೀರಾತು ಅಂಟಿಸಿದ್ದರು. ಒಳಗಿನಿಂದ ಕಾಣುತ್ತಿದ್ದುದು ಕಾಗದದ ಬಿಳಿ ಬೆನ್ನು ಮಾತ್ರ. ಬ್ಯಾಡಗಿ ಬರುವವರೆಗೂ ಅವಳು ಅದನ್ನೇ ನೋಡುತ್ತಿದ್ದಳು.